ಹಳೆಯ ಪಂಚಾಂಗದ ಗೋದಾಬಾಯಿ

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಹತ್ತಿರ ಹತ್ತಿರ ಎರಡು ವಾರ ನಾನು ಹುಟ್ಟಿಯೇ ಇರಲಿಲ್ಲ. ಇದು ನನ್ನ ಮಾತಲ್ಲ, ಮದರಾಸಿನ ಜನನ ದಾಖಲೆಯ ಪುಸ್ತಕದ ಮಾತು. ದಿನಕ್ಕೆ ಮೂರು ಹೊತ್ತು ಉಂಡು, ಎರಡು ಜಡೆ ಹೆಣೆದುಕೊಂಡು, ತಂಡಯಾರಪೇಟೆಯ ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ಜಗಳವಾಡುತ್ತಿದ್ದ ಹುಡುಗಿಯನ್ನು ಆ ಪುಸ್ತಕ ಕಂಡೇ ಇರಲಿಲ್ಲ. ಹೆತ್ತವಳು ನನ್ನಮ್ಮ ಅಕ್ಕು, ಅದರಲ್ಲಿ ಸಂಶಯವಿಲ್ಲ. ಆದರೆ ಸರಕಾರದ ಲೆಕ್ಕಕ್ಕೆ ನನ್ನನ್ನು ಹುಟ್ಟಿಸಿದವರು ಎದುರು ಮನೆಯ ಗೋದಾಬಾಯಿ.

ಗೋದಾಬಾಯಿ ಬಳ್ಳಾರಿಯವರು. ಹದಿನಾರನೆಯ ವಯಸ್ಸಿಗೆ ಮದುವೆಯಾಗಿ, ರಾಯಪುರಂ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದ ಗಂಡನ ಹಿಂದೆ ಮದರಾಸಿಗೆ ಬಂದವರು. ಮಕ್ಕಳಾಗಲಿಲ್ಲ. ಐವತ್ತೊಂದರಲ್ಲಿ ಗಂಡ ತೀರಿಕೊಂಡ ಮೇಲೆ ಮರಣದ ದಾಖಲೆಯ ಪ್ರತಿ ಬೇಕಾಗಿ ಹನ್ನೊಂದು ಸಲ ಕಚೇರಿಗೆ ನಡೆದರು. ಮೊದಲ ಸಲ ಹೋದಾಗ ಅತ್ತರಂತೆ. ಐದನೆಯ ಸಲ ಜಗಳವಾಡಿದರಂತೆ. ಹನ್ನೊಂದನೆಯ ಸಲ ಹೋದಾಗ, ಹೊಸದಾಗಿ ಬಂದಿದ್ದ ಗುಮಾಸ್ತನಿಗೆ ಯಾವ ವರ್ಷದ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಇವರೇ ತೋರಿಸಿಕೊಟ್ಟರಂತೆ. ಮರುವರ್ಷ ಅವರು ನಮ್ಮ ಎದುರು ಮನೆಗೆ ಬಾಡಿಗೆಗೆ ಬಂದರು. ಅಷ್ಟು ಕಷ್ಟಪಟ್ಟು ಕಲಿತ ವಿದ್ಯೆಯನ್ನು ಸುಮ್ಮನೆ ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಹೋಟೆಲಿನ ಅಡುಗೆಯವರು, ರೈಲ್ವೆಯವರು, ವಿಮೆ ಕಂಪನಿಯವರು, ಯಾರಿಗೆ ಹಳೆಯ ದಾಖಲೆ ಬೇಕಾದರೂ ಅವರ ಜಗಲಿಗೆ ಬಂದು ಕೂರತೊಡಗಿದರು.

ಅವರು ಕಾಸು ಮುಟ್ಟುತ್ತಿರಲಿಲ್ಲ. ಅವರ ಫೀಸು ಒಂದು ಹಳೆಯ ಪಂಚಾಂಗ. ಯಾವ ವರ್ಷದ್ದಾದರೂ ಸರಿ, ಇಲಿ ತಿಂದದ್ದಾದರೂ ಸರಿ, ಒಂದು ತಂದುಕೊಟ್ಟರೆ ಅರ್ಜಿ ಬರೆದುಕೊಡುವರು, ಕಚೇರಿಗೂ ಬರುವರು. ನಮಗೆಲ್ಲ ಇದು ಹುಚ್ಚಾಗಿ ಕಾಣುತ್ತಿತ್ತು. ಹುಚ್ಚೇನೂ ಅಲ್ಲ. ಕಚೇರಿಯ ಅರ್ಜಿಗೆ ಇಂಗ್ಲಿಷ್ ತಾರೀಕು ಬೇಕು, ನಮ್ಮ ಜನ ಹೇಳುವುದು ತಿಥಿ. ಕೆಲವರಿಗೆ ತಿಥಿಯೂ ನೆನಪಿರುವುದಿಲ್ಲ. ಅಂಥವರನ್ನು ಗೋದಾಬಾಯಿ ಕೇಳುವ ಪ್ರಶ್ನೆ ಒಂದೇ.

"ಅವತ್ತು ಮನ್ಯಾಗ ಏನು ಅಡಿಗಿ ಮಾಡಿದ್ರಿ?"

ಗಂಡಸರು ತಲೆ ಕೆರೆದುಕೊಳ್ಳುವರು. ಹೆಂಗಸರು ಥಟ್ಟನೆ ಹೇಳುವರು. ಯುಗಾದಿಯ ಹೋಳಿಗೆ ಮಿಕ್ಕಿತ್ತು, ಚೌತಿಯ ಕಡುಬಿಗೆ ಬೆಲ್ಲ ಕರಗಿಸುತ್ತಿದ್ದೆ, ಏಕಾದಶಿ ಅಂತ ಒಲೆಯನ್ನೇ ಹಚ್ಚಿರಲಿಲ್ಲ. ಗೋದಾಬಾಯಿ ಆ ವರ್ಷದ ಪಂಚಾಂಗ ಎಳೆದು, ಬೆರಳಿಟ್ಟು, ತಾರೀಕು ಬರೆದುಕೊಳ್ಳುವರು. ಹಾಗೆ ನೂರಾ ಹನ್ನೆರಡು ಜನರ ದಾಖಲೆ ತೆಗೆಸಿಕೊಟ್ಟಿದ್ದರು. ಒಂದೂ ತಪ್ಪಿರಲಿಲ್ಲ. ಆ ಸಂಖ್ಯೆಯನ್ನು ಅವರು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು, ನಾವು ಕೇಳದಿದ್ದರೂ.

ನೂರಾ ಹದಿಮೂರನೆಯವಳು ನಾನು, ಗುಣವತಿ.

ಆ ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸಕ್ಕೆ ನಾನು ಆರಿಸಿ ಬಂದೆ. ನಮ್ಮ ಬೀದಿಯಲ್ಲಿ ಸಂಬಳದ ಕೆಲಸಕ್ಕೆ ಆರಿಸಿ ಬಂದ ಮೊದಲನೆಯ ಹುಡುಗಿ. ಮನೆಯಲ್ಲಿ ತುಳು, ಬೀದಿಯಲ್ಲಿ ತಮಿಳು, ಗೋದಾಬಾಯಿಯ ಜಗಲಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ನಾಲ್ಕು ಭಾಷೆಯಲ್ಲಿ ಬಾಯಿ ಮಾಡಬಲ್ಲ ನನಗೆ ಅದಕ್ಕಿಂತ ಒಳ್ಳೆಯ ಕೆಲಸ ಎಲ್ಲಿತ್ತು? ಅಪ್ಪನಿಗೆ ಹೇಳಿದೆ. ಅಪ್ಪ, ಅಂದರೆ ಹೋಟೆಲಿನ ಸಪ್ಲೈಯರ್ ಶೀನ ಶೆಟ್ಟಿ, "ಒಳ್ಳೇದಾಯ್ತು ಮಗಾ. ಮಾವನನ್ನು ಕೇಳು" ಎಂದರು. ಅಮ್ಮನ ಅಣ್ಣ ಬಾಬು ಮಾವನಿಗೆ ಅದೇ ಪೇಟೆಯಲ್ಲಿ ಸಣ್ಣದೊಂದು ಹೋಟೆಲಿತ್ತು. ಅಪ್ಪನಿಗೆ ಕೆಲಸವೂ ಅಲ್ಲಿಯೇ. ನಮ್ಮಲ್ಲಿ ದೊಡ್ಡ ಮಾತಿಗೆಲ್ಲ ಮಾವನ ಒಪ್ಪಿಗೆ ಬೇಕು. ಮಾವ ಮೂರು ದಿನ ಯೋಚಿಸಿದಂತೆ ಮಾಡಿ, ನಾಲ್ಕನೆಯ ದಿನ ಗಿರಾಕಿಗಳಿಗೆಲ್ಲ ಜಿಲೇಬಿ ಹಂಚಿದರು.

ತೊಡಕು ಬಂದದ್ದು ವಯಸ್ಸಿನಲ್ಲಿ. ಅಕ್ಟೋಬರ್ ಒಂದಕ್ಕೆ ಹದಿನೆಂಟು ತುಂಬಿರಬೇಕು. ನನಗೆ ಆಗಸ್ಟಿನಲ್ಲಿಯೇ ತುಂಬಿತ್ತು. ಆದರೆ ಶಾಲೆಗೆ ಸೇರಿಸುವಾಗ ಅಪ್ಪನಿಗೆ ತಾರೀಕು ನೆನಪಿರಲಿಲ್ಲ. ಮೇಷ್ಟ್ರು "ನಲವತ್ತೊಂದು, ಜೂನ್ ಒಂದು ಅಂತ ಹಾಕಲಾ?" ಎಂದಾಗ ತಲೆ ಆಡಿಸಿ ಬಂದಿದ್ದರು. ಅಪ್ಪ ತಲೆ ಆಡಿಸದ ಮಾತು ಲೋಕದಲ್ಲಿ ಇರಲಿಲ್ಲ. ಶಾಲೆಯ ಪುಸ್ತಕದ ಪ್ರಕಾರ ನಾನು ಹದಿನೇಳರ ಹುಡುಗಿ. ಎಕ್ಸ್‌ಚೇಂಜಿನವರು ಅಕ್ಟೋಬರ್ ಇಪ್ಪತ್ತರ ಸೋಮವಾರದೊಳಗೆ ಜನನ ದಾಖಲೆಯ ಪ್ರತಿ ತಂದುಕೊಡಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದರು. ನಾನು ಮಾವನ ಅಟ್ಟದಿಂದ ಒಂದು ಹಳೆಯ ಪಂಚಾಂಗ ಕದ್ದು ಎದುರು ಮನೆಗೆ ಓಡಿದೆ.

ತಾರೀಕು ಹುಡುಕುವುದು ಸುಲಭವಾಯಿತು. ಅಮ್ಮನಿಗೆ ತುಳುವರ ತಿಂಗಳು ನೆನಪಿತ್ತು.

"ಆಟಿ ಹದಿನೆಂಟು. ಬೀದಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಸಮುದ್ರಕ್ಕೆ ಹೊರಟಿದ್ರು, ನನಗೆ ಬೇನೆ ಸುರುವಾಯ್ತು" ಎಂದಳು ಅಮ್ಮ.

"ಬುತ್ತಿಯೊಳಗ ಏನಿತ್ತು?"

"ಚಿತ್ರಾನ್ನ, ಮೊಸರನ್ನ, ಎಳ್ಳನ್ನ. ನನಗೆ ಒಂದು ತುತ್ತು ಸಿಗ್ಲಿಲ್ಲ."

"ತಮಿಳರ ಆಡಿ ಹದಿನೆಂಟರ ಹಬ್ಬ ಅದು!" ಗೋದಾಬಾಯಿ ನಲವತ್ತರ ಪಂಚಾಂಗ ಎಳೆದರು. "ಆಗಸ್ಟ್ ಎರಡು, ಶುಕ್ರವಾರ. ನಾಳೆ ಹೋಗಿ ಅರ್ಜಿ ಕೊಡೂಣು. ನಾಲ್ಕು ದಿನಕ್ಕ ಪ್ರತಿ ನಿನ್ನ ಕೈಯೊಳಗ."

ದಾಖಲೆ ಕೋಣೆಯ ಮುದಲಿಯಾರರು ಗೋದಾಬಾಯಿಯನ್ನು ಕಂಡೊಡನೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮರುಪಡಿಯುಂ ನೀಂಗಳಾಮ್ಮಾ?" ಎಂದರು. ಮತ್ತೆ ನೀವೇನಾ ಎಂದು ಕೇಳುವ ದನಿ ಬೇಸರದ್ದು, ಆದರೆ ಬೆಂಚನ್ನು ಟವಲಿನಿಂದ ಒರೆಸಿ ಕೂರಲು ಹೇಳಿದ್ದೂ ಅವರೇ. ಗೋದಾಬಾಯಿ ಕೈಚೀಲದಿಂದ ಶಾಯಿ ದೌತಿ, ಒತ್ತುಕಾಗದ, ಕೋರ್ಟ್ ಫೀ ಸ್ಟಾಂಪು ಒಂದೊಂದಾಗಿ ತೆಗೆದಿಟ್ಟರು. ಅರ್ಜಿ ಹೇಗೆ ಬರೆಯಬೇಕೆಂದು ನನಗೆ ಅವತ್ತೇ ಕಲಿಸಿದರು. ಹುಟ್ಟಿದ ತಾರೀಕು ಬೇರೆ, ಬರೆಸಿದ ತಾರೀಕು ಬೇರೆ. ಪುಸ್ತಕ ಇರುವುದು ಬರೆಸಿದ ತಾರೀಕಿನ ಪ್ರಕಾರ, ಅದಕ್ಕೆ ಮುಂದಿನ ಒಂದು ತಿಂಗಳು ನೋಡಿ ಎಂದು ಬರೆಯಬೇಕು. ಬೀದಿಯ ಹೆಸರು ಬಿಡಬಾರದು. ಮಗುವಿನ ಹೆಸರು ಬರೆದು ಪ್ರಯೋಜನವಿಲ್ಲ, ನಾಮಕರಣಕ್ಕೆ ಮೊದಲೇ ಬರೆಸಿರುತ್ತಾರೆ, ಆ ಜಾಗ ಖಾಲಿಯೇ ಇರುತ್ತದೆ. ಹುಡುಕುವುದೆಲ್ಲ ತಂದೆಯ ಹೆಸರಿನಿಂದ.

ತಂದೆ, ಶೀನ ಶೆಟ್ಟಿ ಎಂದು ನಾನು ಗುಂಡಗೆ ಬರೆದೆ.

ನಾಲ್ಕು ದಿನ ಬಿಟ್ಟು ಹೋದರೆ ಮುದಲಿಯಾರರು ಇಲ್ಲವೆಂದು ತಲೆಯಾಡಿಸಿದರು. ಆಗಸ್ಟ್ ತಿಂಗಳಿನಲ್ಲಿ ಶೀನ ಶೆಟ್ಟಿ ಎಂಬವರಿಗೆ ಹೆಣ್ಣೂ ಹುಟ್ಟಿಲ್ಲ, ಗಂಡೂ ಹುಟ್ಟಿಲ್ಲ. ಗೋದಾಬಾಯಿ ಸೆಪ್ಟೆಂಬರಿಗೆ ಅರ್ಜಿ ಕೊಟ್ಟರು. ಇಲ್ಲ. ಪಕ್ಕದ ವಾರ್ಡಿಗೆ ಕೊಟ್ಟರು. ಇಲ್ಲ. ವರ್ಷವೇ ತಪ್ಪಿರಬಹುದೆಂದು ಮೂವತ್ತೊಂಬತ್ತಕ್ಕೂ ನಲವತ್ತೊಂದಕ್ಕೂ ಕೊಟ್ಟರು. ಮುದಲಿಯಾರರ ಶರ್ಟಿನ ತೋಳೆಲ್ಲ ಧೂಳಾಯಿತು. ಹದಿನಾರನೆಯ ತಾರೀಕು ಗುರುವಾರ ಬೆಳಿಗ್ಗೆ ಅವರು ಮೆತ್ತಗೆ, ದಾಖಲೆ ಸಿಗಲಿಲ್ಲ ಎಂಬ ಪತ್ರ ಬರೆದುಕೊಡಲೇ ಎಂದು ಕೇಳಿದರು. ಬೇಡ ಎಂದರು ಗೋದಾಬಾಯಿ. ನೂರಾ ಹನ್ನೆರಡು ಎಂದು ಅವರು ಹೇಳದೆ ಹೋದ ಮೊದಲ ದಿನ ಅದು. ಕೆಲಸ ಹೋಯಿತಲ್ಲ ಎಂದು ನನಗೆ ಅಳು ಬರುತ್ತಿತ್ತು, ಅವರ ಮುಖ ನೋಡಿ ಇನ್ನೂ ಹೆಚ್ಚು ಬಂತು.

ಮಧ್ಯಾಹ್ನ ಅಮ್ಮ ಅವರನ್ನು ಒತ್ತಾಯದಿಂದ ಒಳಗೆ ಕರೆತಂದು ಕೂರಿಸಿದಳು. ಮಡಿಯವರಾದ ಗೋದಾಬಾಯಿ ನಮ್ಮಲ್ಲಿ ಎಳನೀರು, ಬಾಳೆಹಣ್ಣು ಬಿಟ್ಟರೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅಮ್ಮನಿಗೆ ಅದೊಂದು ಒಳಗಿನ ಕೋಪ. ಆದರೂ ಹಣ್ಣು ಕೊಟ್ಟಳು. ಅಪ್ಪ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಗೋದಾಬಾಯಿ ಹಣ್ಣಿನ ಸಿಪ್ಪೆ ಅರ್ಧ ಸುಲಿದು ಸುಮ್ಮನೆ ಕೇಳಿದರು.

"ಅಕ್ಕು, ಅವತ್ತು ಕಚೇರಿಗೆ ಹೋಗಿ ಬರಸಿದವರು ಯಾರು?"

"ಬಾಬು ಅಣ್ಣ."

"ಯಾಕ, ಇವರಿಗೆ ಪುರಸೊತ್ತು ಇರಲಿಲ್ಲೇನು?"

"ಇವರಿಗೆ ರಜೆ ಇತ್ತು. ಆದ್ರೆ ಇವರು ಯಾಕೆ ಹೋಗ್ಬೇಕು?" ಅಮ್ಮನಿಗೆ ಆಶ್ಚರ್ಯ. "ಮಗು ನಮ್ಮ ಮನೆಯದ್ದಲ್ವಾ?"

"ನಿಮ್ಮ ಮನಿ ಅಂದ್ರ ಇದೇ ಅಲ್ಲೇನು?"

"ಇದು ಇವರು ಬಾಡಿಗೆಗೆ ಹಿಡಿದ ಮನೆ. ನಮ್ಮ ಮನೆ ಅಂದ್ರೆ ನನ್ನ ಅಮ್ಮನ ಮನೆ. ನಾನು, ನನ್ನ ಮಕ್ಕಳು, ಎಲ್ಲ ಅಲ್ಲಿಯ ಲೆಕ್ಕ. ಹಿರಿಯ ಬಾಬು ಅಣ್ಣ. ಇವರು ಇವರ ಅಮ್ಮನ ಮನೆಯವರು."

ಅಪ್ಪ ಬೆಳ್ಳುಳ್ಳಿಯಿಂದ ತಲೆಯೆತ್ತಿ, ಹೌದೆಂದು ಆಡಿಸಿದರು.

ಗೋದಾಬಾಯಿಯ ಕೈಯಲ್ಲಿ ಹಣ್ಣು ನಿಂತೇ ಹೋಯಿತು. ಬಳ್ಳಾರಿಯ ಅವರ ಕಡೆ ಮಗು ಎಂದರೆ ತಂದೆಯ ಮನೆಯದು. ಬೇರೆ ರೀತಿ ಇರಬಹುದೆಂದು ಅವರ ತಲೆಗೆ ಹೊಳೆದೇ ಇರಲಿಲ್ಲ. ನಮ್ಮದು ಅಳಿಯಸಂತಾನ. ಬಳಿ, ಅಂದರೆ ಗೋತ್ರದಂಥದ್ದು, ತಾಯಿಯದು, ಮನೆ ತಾಯಿಯದು, ಯಜಮಾನಿಕೆ ತಾಯಿಯ ಅಣ್ಣನದು. ಇದು ಅಮ್ಮನಿಗೆ ಎಷ್ಟು ಸಹಜವೆಂದರೆ ಹೇಳಬೇಕಾದ ಸಂಗತಿ ಎಂದೇ ಅವಳಿಗೆ ಅನಿಸಿರಲಿಲ್ಲ.

"ಅಯ್ಯ ರಾಮಾ! ಹತ್ತು ದಿನದಿಂದ ಇದನ್ನ ಯಾಕ ಹೇಳಲಿಲ್ಲ?"

"ನೀವು ಅಡುಗೆ ಎಂಥದ್ದು ಅಂತ ಕೇಳಿದ್ರಿ. ಮನೆ ಯಾರದ್ದು ಅಂತ ಕೇಳ್ಲಿಲ್ಲಲ್ಲ" ಎಂದಳು ಅಮ್ಮ.

ಮರುದಿನ ಶುಕ್ರವಾರ. ನಲವತ್ತರ ಆಗಸ್ಟಿನ ಪುಸ್ತಕವನ್ನು ಮುದಲಿಯಾರರು ಮತ್ತೆ ಹೊತ್ತು ತಂದರು. ಐದು ನಿಮಿಷವೂ ಹಿಡಿಯಲಿಲ್ಲ. ಆಗಸ್ಟ್ ಆರನೆಯ ತಾರೀಕು ಬರೆಸಿದ್ದು, ಎರಡನೆಯ ತಾರೀಕು ಹುಟ್ಟಿದ್ದು, ಹೆಣ್ಣು ಮಗು, ನಮ್ಮದೇ ಬೀದಿ. ನಾನು ಬೆಂಚಿನಿಂದ ಎದ್ದು ಕುಣಿದೆ. ಗೋದಾಬಾಯಿ "ನೂರಾ ಹದಿಮೂರು" ಎಂದು ಕೋಣೆಗೆಲ್ಲ ಕೇಳುವಂತೆ ಹೇಳಿದರು. ಮುದಲಿಯಾರರು ಮಾತ್ರ ಕನ್ನಡಕ ಸರಿಮಾಡಿಕೊಂಡು ಮುಂದಿನ ಸಾಲು ಓದಿದರು. ತಂದೆ, ಬಾಬು ಶೆಟ್ಟಿ. ತಾಯಿ, ಅಕ್ಕು. ತಿಳಿಸಿದವರು, ಬಾಬು ಶೆಟ್ಟಿ.

ಹದಿನೆಂಟು ವರ್ಷದ ಹಿಂದೆ ಯಾರೋ ಗುಮಾಸ್ತರು ಮಗು ಯಾರದ್ದು ಎಂದು ಕೇಳಿದ್ದರು. ಮಾವ ಎದೆಯುಬ್ಬಿಸಿ ನನ್ನದು ಎಂದಿದ್ದರು. ಕೇಳಿದವರ ತಪ್ಪೂ ಇಲ್ಲ, ಬರೆದವರ ತಪ್ಪೂ ಇಲ್ಲ. ಆದರೆ ಸರಕಾರದ ಪುಸ್ತಕದಲ್ಲಿ ನನ್ನಮ್ಮನೂ ಅವಳ ಸ್ವಂತ ಅಣ್ಣನೂ ಗಂಡಹೆಂಡಿರಾಗಿ ಕೂತಿದ್ದರು. ಸಂಜೆ ಈ ಸುದ್ದಿ ಕೇಳಿ ಅಮ್ಮ "ಛೀ! ಬಿಡ್ತು ಅನ್ನು!" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗಿನ ಒಳಗೆ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಎಂದು ಅಪ್ಪ ಬಗ್ಗಿ ನೋಡಿ, ನಗು ಎಂದು ಗೊತ್ತಾದ ಮೇಲೆ ತಾವೂ ನಕ್ಕರು.

ನಗುವ ಹೊತ್ತಲ್ಲ ಅದು. ನನ್ನ ಅರ್ಜಿಯಲ್ಲಿ ಒಂದು ತಂದೆ, ದಾಖಲೆಯಲ್ಲಿ ಇನ್ನೊಂದು ತಂದೆ ಇದ್ದರೆ ಎಕ್ಸ್‌ಚೇಂಜಿನವರು ಒಪ್ಪುವುದಿಲ್ಲ. ಮುದಲಿಯಾರರು ದಾರಿ ಹೇಳಿದ್ದರು. ತಿಳಿಸಿದವರು ಸ್ವತಃ ಬಂದು, ಅಂದು ತಪ್ಪು ತಿಳಿಸಿದೆ ಎಂದು ಬರೆದು ಸಹಿ ಹಾಕಿದರೆ ಸಾಹೇಬರಿಂದ ತಿದ್ದಿಸಿಕೊಡಬಹುದು. ಶನಿವಾರ ಅರ್ಧ ದಿನ ಕಚೇರಿ. ಭಾನುವಾರ ರಜೆ. ಸೋಮವಾರ ಕೊನೆಯ ದಿನ.

ಬಾಬು ಮಾವ ಗಲ್ಲಾದ ಹಿಂದೆ ಕೂತು ಎಲ್ಲವನ್ನೂ ಕೇಳಿದರು. ಆಮೇಲೆ ಹೇಳಿದರು.

"ತಪ್ಪು ಅಂತ ನಾನು ಬರೆಯುವುದಿಲ್ಲ."

"ಅಣ್ಣಾ!" ಎಂದಳು ಅಮ್ಮ.

"ಎಂಥ ತಪ್ಪು ಮಾಡಿದ್ದೇನೆ ನಾನು? ಇವಳು ನಮ್ಮ ಮನೆಯ ಮಗು ಹೌದಾ ಅಲ್ವಾ? ಇವಳನ್ನು ತೊಟ್ಟಿಲಿಗೆ ಹಾಕಿದವ ನಾನು, ಹೆಸರಿಟ್ಟವ ನಾನು. ಈಗ ಹದಿನೆಂಟು ವರ್ಷ ಕಳೆದ ಮೇಲೆ ಸುಳ್ಳು ಹೇಳಿದ್ದೆ ಅಂತ ಸಹಿ ಹಾಕ್ಬೇಕಾ?" ಮಾವನ ಕಣ್ಣಲ್ಲಿ ನೀರು ತುಂಬಿತು. ಅಪ್ಪ ಅದಕ್ಕೂ ತಲೆ ಆಡಿಸಿದರು. ನನಗೆ ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನಿಮ್ಮ ಜಾಗ ನಿಮಗೆ ಬೇಡವಾ ಎಂದು ಕೂಗಿದೆ. ಅಪ್ಪ ಮೆಲ್ಲಗೆ ಹೇಳಿದರು.

"ಪುಸ್ತಕದಲ್ಲಿ ಯಾರ ಹೆಸರಿದ್ರೂ ನೀನು ನನ್ನನ್ನೇ ಅಪ್ಪ ಅಂತ ಕರೀತಿ ಅಲ್ವಾ? ನನಗೆ ಅಷ್ಟು ಸಾಕು. ಆದ್ರೆ ನಿನ್ನ ಕೆಲಸ ಹೋಗ್ಬಾರ್ದು."

ಅಪ್ಪ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಗಲ್ಲಾದ ಮುಂದೆಯೇ ನಿಂತು ಗೊಳೋ ಎಂದು ಅತ್ತೆ. ಗಿರಾಕಿಗಳು ಸಾಂಬಾರು ಖಾರವಾಯಿತೇನೋ ಎಂದು ನೋಡಿದರು.

ಗೋದಾಬಾಯಿ ಒಂದು ಮೇಜನ್ನು ಒರೆಸಿಸಿ ಶಾಯಿ ದೌತಿ ತೆಗೆದಿಟ್ಟರು. "ಶೆಟ್ಟರ, ಇಲ್ಲಿ ಬರ್ರಿ. ತಪ್ಪು ಅಂತ ನಾನೂ ಬರೆಯೂದಿಲ್ಲ. ದಾಖಲೆಯೊಳಗ ನಾ ಎಂದೂ ಸುಳ್ಳು ಬರದಾಕಿ ಅಲ್ಲ. ನೀವು ಹೇಳೂದು ಖರೇ, ಅದನ್ನೇ ಬರೆಯೂಣು."

ಬರೆದರು. ನಮ್ಮದು ಅಳಿಯಸಂತಾನದ ಕುಟುಂಬ. ನಮ್ಮ ಕಟ್ಟಳೆಯಂತೆ ಮಗು ತಾಯಿಯ ಮನೆಗೆ ಸೇರಿದ್ದು, ಆ ಮನೆಯ ಯಜಮಾನ ನಾನು. ಆದ ಕಾರಣ ಅಂದು ನನ್ನ ಹೆಸರನ್ನು ಹೇಳಿದೆ. ಅದು ಸತ್ಯ. ಮಗುವನ್ನು ಹುಟ್ಟಿಸಿದ ತಂದೆ, ನನ್ನ ತಂಗಿಯ ಗಂಡ, ಶೀನ ಶೆಟ್ಟಿ. ಅದೂ ಸತ್ಯ. ಪುಸ್ತಕದ ಆ ಜಾಗದಲ್ಲಿ ಬೇಕಾದದ್ದು ಎರಡನೆಯ ಸತ್ಯವೆಂದು ಈಗ ತಿಳಿದಿದ್ದರಿಂದ ಅದನ್ನೇ ಬರೆಯಬೇಕಾಗಿ ಕೋರುತ್ತೇನೆ. ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ನನ್ನಿಂದ ಬರೆಸಿದರು. ಮಾವ ಎರಡು ಸಲ ಓದಿಸಿ ಕೇಳಿ, ಮೂಗು ಒರೆಸಿಕೊಂಡು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದರು.

ಶನಿವಾರ ಹೋಟೆಲಿಗೆ ಬೀಗ. ಮಾವ, ಅಪ್ಪ, ಅಮ್ಮ, ನಾನು, ಗೋದಾಬಾಯಿ, ಐವರೂ ಮದುವೆಗೆ ಹೊರಟವರಂತೆ ಬಸ್ಸು ಹತ್ತಿದೆವು. ಮುದಲಿಯಾರರು ಕಾಗದ ಓದಿದರು, ಮತ್ತೆ ಓದಿದರು. ಹೊಟ್ಟೆ ಕುಲುಕಿಸಿ ನಗತೊಡಗಿದರು.

"ನಮ್ಮ ಊರಲ್ಲಿ ಮಾಮ ಅಕ್ಕನ ಮಗಳನ್ನು ಮದುವೆಯಾಗುತ್ತಾನೆ. ನಿಮ್ಮ ಊರಲ್ಲಿ ಮಾಮ ಅಪ್ಪನೇ ಆಗಿಬಿಡುತ್ತಾನಲ್ಲಮ್ಮಾ!" ಎಂದರು ತಮಿಳಿನಲ್ಲಿ. ನಮ್ಮ ಬಾಬು ಮಾವನೇ ಮೊದಲು ನಕ್ಕದ್ದು. ಸಾಹೇಬರು ತಂದೆ ಯಾರು ಎಂದು ಕೇಳಿದಾಗ ಅಪ್ಪ ಶಾಲೆಯ ಹುಡುಗನಂತೆ ಕೈ ಎತ್ತಿದರು. ಕೆಂಪು ಶಾಯಿಯಲ್ಲಿ ಅಂಚಿನಲ್ಲಿ ನಾಲ್ಕು ಸಾಲು, ಒಂದು ಮುದ್ರೆ. ತಿಳಿಸಿದವರು ಎಂಬಲ್ಲಿ ಮಾವನ ಹೆಸರು ಹಾಗೆಯೇ ಉಳಿಯಿತು, ಪಕ್ಕದಲ್ಲಿ 'ತಾಯಿಯ ಅಣ್ಣ' ಎಂದು ಸೇರಿತು. ಮಾವ ಅದನ್ನು ಬೆರಳಿನಿಂದ ಮುಟ್ಟಿ ನೋಡಲು ಹೋಗಿ ಮುದಲಿಯಾರರಿಂದ ಬೈಸಿಕೊಂಡರು, ಶಾಯಿ ಇನ್ನೂ ಆರಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಪ್ರತಿಯನ್ನು ಎಕ್ಸ್‌ಚೇಂಜಿನಲ್ಲಿ ಕೊಟ್ಟೆ. ಅವತ್ತು ಸಂಜೆ ಅಮ್ಮ ಹೆಸರುಬೇಳೆಯ ಪಾಯಸ ಮಾಡಿದಳು. ಗೋದಾಬಾಯಿಗೆ ಎಂದು ಬಾಳೆಹಣ್ಣನ್ನೂ ತೆಗೆದಿಟ್ಟಳು. ಅವರು ಹಣ್ಣನ್ನು ನೋಡಿ, ಪಾಯಸವನ್ನು ನೋಡಿ, "ಯಾಕ ಅಕ್ಕು, ನನಗ ಹಾಕೂದಿಲ್ಲೇನು?" ಎಂದರು. ಅಮ್ಮನ ಕೈಯಿಂದ ಸೌಟು ಬಿತ್ತು. ಎರಡು ಲೋಟ ಕುಡಿದರು ಗೋದಾಬಾಯಿ. ನಾಳೆ ಯಾರಾದರೂ ಕೇಳಿದರೆ ಇವತ್ತಿನ ತಾರೀಕು ಪಾಯಸದ ಮೇಲೆ ನೆನಪಿರುತ್ತದೆ ಎಂದರು. ನಿಜ, ನನಗೆ ಇವತ್ತಿಗೂ ಹಾಗೆಯೇ ನೆನಪು.

ಅರವತ್ತೆರಡರಲ್ಲಿ ಬ್ಯಾಂಕಿನ ರಘುರಾಮನೊಂದಿಗೆ ನನ್ನ ಮದುವೆಯಾಯಿತು. ಅರವತ್ತನಾಲ್ಕರಲ್ಲಿ ಮಗಳು ಹುಟ್ಟಿದಳು. ಆ ವಾರ ಬಾಬು ಮಾವ ಊರಿಗೆ ಹೋಗಿದ್ದರು. ರಘುರಾಮನಿಗೆ ಬ್ಯಾಂಕಿನ ಕೆಲಸದ ಮೇಲೆ ಸೇಲಂಗೆ ಹೋಗಬೇಕಾಯಿತು. ಅಪ್ಪನನ್ನು ಕಳಿಸಿದರೆ ಏನು ಕೇಳಿದರೂ ತಲೆ ಆಡಿಸಿ ಬರುವರೆಂದು ಎಲ್ಲರಿಗೂ ಗೊತ್ತು. "ನಾ ಹೋಗ್ತೀನಿ" ಎಂದು ಗೋದಾಬಾಯಿ ಕೈಚೀಲ ಎತ್ತಿಕೊಂಡರು. ಹೋಗುವ ಮೊದಲು ಮಗುವಿಗೆ ಹೆಸರು ಹೇಳಿದ ಹೊರತು ಹೊರಡುವುದಿಲ್ಲ ಎಂದು ಹಟ ಹಿಡಿದರು, ಖಾಲಿ ಜಾಗ ಕಂಡರೆ ಅವರಿಗೆ ಆಗದು. ಅಲ್ಲಿಯೇ ರತ್ನಾವತಿ ಎಂದು ನಿಶ್ಚಯವಾಯಿತು.

"ತಿಳಿಸಿದವರ ಸಂಬಂಧ ಏನು ಅಂತ ಕೇಳ್ತಾರ" ಎಂದು ಬಾಗಿಲಲ್ಲಿ ನಿಂತರು. "ಏನು ಬರಸಲಿ?"

"ಅಜ್ಜಿ ಅಂತ ಬರೆಸಿ" ಎಂದೆ.

"ನಾ ಎಲ್ಲಿ ಅಜ್ಜಿ? ದಾಖಲೆಯೊಳಗ ಸುಳ್ಳು ಬರಸಬಾರದು" ಎಂದು ಗದರಿ ಹೋದರು. ಬಂದ ಮೇಲೆ ಏನು ಬರೆಸಿದಿರಿ ಎಂದು ನಾನು ಕೇಳಲಿಲ್ಲ. ಬಾಣಂತಿಗೆ ಅದೆಲ್ಲಿ ನೆನಪು?

ಅರವತ್ತೊಂಬತ್ತರಲ್ಲಿ ರತ್ನಾಳನ್ನು ಶಾಲೆಗೆ ಸೇರಿಸಬೇಕಾಯಿತು. ಅಪ್ಪನ ಹಾಗೆ ಮೇಷ್ಟ್ರ ಮುಂದೆ ತಲೆ ಆಡಿಸುವವಳು ನಾನಲ್ಲ. ಸ್ಟಾಂಪು ಅಂಟಿಸಿ, ಬರೆಸಿದ ತಾರೀಕನ್ನೂ ಬೀದಿಯನ್ನೂ ಕಾಣಿಸಿ, ಪೂರ್ತಿ ಸಾಲಿನ ನಕಲು ಬೇಕೆಂದು ಅರ್ಜಿ ಕೊಟ್ಟೆ. ಮುದಲಿಯಾರರು ನಿವೃತ್ತರಾಗಿದ್ದರು, ಹೊಸಬರು ಎರಡೇ ದಿನಕ್ಕೆ ಪ್ರತಿ ಕೊಟ್ಟರು. ದಾಖಲೆ ಆಗ ತಮಿಳಿನಲ್ಲಿತ್ತು. ಕಚೇರಿಯ ಮೆಟ್ಟಿಲ ಮೇಲೆ ನಿಂತು ಓದಿದೆ. ಹೆಸರು ಸರಿ, ತಂದೆ ಸರಿ, ತಾಯಿ ಸರಿ. ತಿಳಿಸಿದವರು, ಗೋದಾಬಾಯಿ. ಸಂಬಂಧ ಎಂಬ ಕಡೆ ಮೂರು ಪದಗಳಿದ್ದವು. ಎದಿರ್ ವೀಟ್ಟು ಪಾಟ್ಟಿ. ಎದುರು ಮನೆಯ ಅಜ್ಜಿ.

ನೇರ ಅವರ ಜಗಲಿಗೆ ಹೋಗಿ ಕಾಗದವನ್ನು ಅವರ ಮುಂದೆ ಹಿಡಿದೆ. ಕಣ್ಣು ಮಂಜಾಗಿದ್ದ ಗೋದಾಬಾಯಿ ಅದನ್ನು ಮೂಗಿನ ಹತ್ತಿರ ತಂದುಕೊಂಡು ಓದಿದರು. ಒಳಗಿನಿಂದ ರತ್ನಾ ಪಂಚಾಂಗದ ಕಟ್ಟುಗಳನ್ನು ಬೀಳಿಸಿದ ಸದ್ದು ಬಂತು.

"ಏನಾತು? ತಪ್ಪದ ಏನು? ತಿದ್ದಸಬೇಕೇನು?" ಎಂದರು, ನನ್ನ ಮುಖ ನೋಡದೆ.

"ಒಂದಕ್ಷರವೂ ಬೇಡ" ಎಂದೆ.